ಹುಬ್ಬಳ್ಳಿಯಿಂದ ಬಂದ ರಿಲೇ ಪುಸ್ತಕಗಳು

ಆ ಪುಸ್ತಕಗಳು ಒಂದೊಂದಾಗಿ ಬರುತ್ತಿದ್ದವು. ಧಾರವಾಡದಲ್ಲಿ ಗಣಿತದ ಮಾಸ್ತರರಾಗಿದ್ದ ನನ್ನ ತಂದೆ ಶನಿವಾರ ಶಾಲೆ ಬಿಟ್ಟ ಮೇಲೆ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ, ಸಂಜೆ ಮರಳುವಾಗ ಖಾದಿ ಚೀಲದಲ್ಲಿ ಒಂದನ್ನು ತರುವರು. ನಾನು ಮುಗಿಸಿದ್ದನ್ನು ಮುಂದಿನ ಸಲ ಅದೇ ಚೀಲದಲ್ಲಿ ಒಯ್ಯುವರು. ಇಂಗ್ಲೆಂಡಿನಲ್ಲಿ ಅಚ್ಚಾದ ದಪ್ಪ ಸಂಪುಟಗಳು. ಒಳಗಿನ ಮಡಚಿದ ನಕ್ಷೆಗಳನ್ನು ಬಿಚ್ಚಿದರೆ ನಮ್ಮ ಮೇಜು ಸಾಲುತ್ತಿರಲಿಲ್ಲ. ಒಂದು ಅಂಚನ್ನು ಅಪ್ಪ ಹಿಡಿದುಕೊಂಡು ಕೂಡುತ್ತಿದ್ದರು.

ಅವುಗಳ ವಿಷಯ ವಿದ್ಯುತ್ ಜಾಲದ ರಕ್ಷಣೆ. ಊರಿನ ಯಾವುದೋ ಓಣಿಯಲ್ಲಿ ಕೊಂಬೆ ಬಿದ್ದು ಎರಡು ತಂತಿ ಕೂಡಿಕೊಂಡರೆ, ಅಷ್ಟು ಭಾಗವನ್ನು ಮಾತ್ರ ಕಡಿದು ಉಳಿದ ಊರಿನ ದೀಪ ಉಳಿಸುವ ವಿದ್ಯೆ. ಯಾವಾಗ ಕಡಿಯಬೇಕೆಂದು ಗುರುತಿಸುವ ಸಣ್ಣ ಯಂತ್ರಕ್ಕೆ ರಿಲೇ ಎನ್ನುತ್ತಾರೆ. ದೋಷಕ್ಕೆ ಹತ್ತಿರವಿರುವ ರಿಲೇ ಮೊದಲು ಕೆಲಸ ಮಾಡಬೇಕು. ದೂರದ್ದು, ಪವರ್ ಹೌಸಿನಲ್ಲಿರುವುದು, ತುಸು ತಡೆಯಬೇಕು. ಈ ತಡೆಯುವ ವೇಳೆಯನ್ನು ತಪ್ಪಾಗಿ ಹೊಂದಿಸಿದರೆ ಒಂದು ಓಣಿಯ ತಪ್ಪಿಗೆ ಊರೆಲ್ಲ ಕತ್ತಲಾಗುತ್ತದೆ. ಭೌತಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿ ಮನೆಯಲ್ಲಿ ಕುಳಿತಿದ್ದ ನನಗೆ ಇದು ನಾನು ಓದಿದ್ದೆಲ್ಲ ಕೆಲಸಕ್ಕೆ ಬರುವ ಒಂದೇ ಜಾಗ ಎನ್ನಿಸಿತ್ತು.

ಜಾಗ ನಿಜವಾಗಿಯೂ ಇತ್ತು. ಮಹಾಯುದ್ಧ ನಡೆಯುತ್ತಿತ್ತು. ಹುಬ್ಬಳ್ಳಿಯ ಪವರ್ ಹೌಸಿನ ಪರೀಕ್ಷಾ ಕೋಣೆಯಲ್ಲಿ ರಿಲೇ ಪರೀಕ್ಷಿಸುತ್ತಿದ್ದವರು ಪಲ್ಟನ್ನಿಗೆ ಹೋಗಿದ್ದರು. ಅಲ್ಲಿಯ ಇಂಜಿನಿಯರ್ ಸಾಹೇಬರು ಅಪ್ಪನ ಹಳೆಯ ಶಿಷ್ಯರು. ಬೇಸಿಗೆಯಲ್ಲಿ ಅಪ್ಪ ಒಮ್ಮೆ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದರು. ಸಾಹೇಬರು ನನ್ನ ಮಾರ್ಕು ಕೇಳಲಿಲ್ಲ; ಒಂದು ನಕ್ಷೆ ಮುಂದಿಟ್ಟು ಕರೆಂಟು ಯಾವ ದಾರಿಯಲ್ಲಿ ಹರಿಯುತ್ತದೆಂದು ಕೇಳಿದರು. ಹೇಳಿದೆ.

"ಹೆಣ್ಣಮಕ್ಕಳು ಇಲ್ಲಿ ಬಂದು ಕುಂತ್ರ ಮಂದಿ ನಗಂಗಿಲ್ಲೇನ್ರಿ?" ಎಂದೆ.

"ನಗೋ ಮಂದಿ ಎಲ್ಲಾ ಪಲ್ಟನ್‌ಗೆ ಹೋಗ್ಯಾರ, ತಂಗಿ. ನನಗ ರಿಲೇ ತಿಳಿಯೋರು ಬೇಕಾಗ್ಯಾರ," ಎಂದು ಅವರು ಕಪಾಟಿನಿಂದ ಮೊದಲ ಪುಸ್ತಕ ತೆಗೆದು ಅಪ್ಪನ ಚೀಲಕ್ಕೆ ಹಾಕಿದರು. "ಓದು. ಆಮ್ಯಾಲ ನೋಡೋಣು."

ಆ ಪರೀಕ್ಷಾ ಕೋಣೆಯಲ್ಲಿ ಕಿಟಕಿಯ ಬಳಿ ಒಂದು ಎತ್ತರದ ಸ್ಟೂಲು ಇತ್ತು. ನಾನು ಬಯಸಿದ್ದು ಅದನ್ನೇ. ಯಾರಿಗೂ ಹೇಳಿರಲಿಲ್ಲ, ಅಪ್ಪನಿಗೆ ಹೇಳಬೇಕಾಗಿರಲಿಲ್ಲ, ಅವರಿಗೆ ಗೊತ್ತಿತ್ತು.

ಅವು ಕಥೆಯಂತೆ ಓದುವ ಪುಸ್ತಕಗಳಲ್ಲ, ಬೇಕಾದಾಗ ತೆರೆದು ನೋಡುವ ಆಕರ ಗ್ರಂಥಗಳು ಎಂಬುದು ನನಗೆ ತಿಳಿದಿರಲಿಲ್ಲ. ಹೇಳುವವರು ಧಾರವಾಡದಲ್ಲಿ ಯಾರಿದ್ದರು? ಮುನ್ನುಡಿಯಿಂದ ಹಿಡಿದು ಕೊನೆಯ ಕೋಷ್ಟಕದವರೆಗೆ ಓದಿದೆ. ಉದಾಹರಣೆಗಳೆಲ್ಲ ಹಿಮ ಬೀಳುವ ಊರುಗಳವು. ತಂತಿಗೆ ಹಿಮ ಕಟ್ಟುವ ಕಡೆ ನಾನು ತಂತಿಗೆ ಸಿಕ್ಕ ಗಾಳಿಪಟದ ತೊಯ್ದ ದಾರ ಇಟ್ಟುಕೊಂಡೆ. ಅವರ ಕಾರ್ಖಾನೆಯ ಕಡೆ ನಮ್ಮ ಅರಳೆ ಬಿಡಿಸುವ ಜಿನ್ನು. ಹಾಗೆ ಇಟ್ಟುಕೊಂಡರೆ ಲೆಕ್ಕ ತಿಳಿಯುತ್ತಿತ್ತು. ಅಪ್ಪನಿಗೆ ವಿದ್ಯುತ್ ತಿಳಿಯದು, ಲೆಕ್ಕ ತಿಳಿಯುತ್ತದೆ. ಮುಂಜಾನೆ ಎದುರಿಗೆ ಕುಳಿತು ಲಾಗರಿದಮ್ ಕೋಷ್ಟಕದಲ್ಲಿ ಬೆರಳಿಟ್ಟು ನನ್ನ ಉತ್ತರಗಳನ್ನು ತಾಳೆ ನೋಡುವರು. ತಪ್ಪು ಸಿಕ್ಕರೆ ಮಾತಾಡದೆ ಪೆನ್ಸಿಲನ್ನು ಅಲ್ಲಿಟ್ಟು ಸುಮ್ಮನಾಗುವರು. ನನಗೆ ಅಷ್ಟು ಸುಖ ಬೇರೆ ಯಾವುದರಲ್ಲೂ ಇರಲಿಲ್ಲ.

"ಊರ ದೀಪ ಆಮ್ಯಾಲ ನೋಡುವಂತಿ, ಒಲಿಮ್ಯಾಲ ಹಾಲು ಉಕ್ಕಾಕತ್ತೇತಿ," ಎಂದು ಅವ್ವ ಒಳಗಿನಿಂದ ಕೂಗಿದರೆ ಅಪ್ಪನೇ ಎದ್ದು ಹೋಗಿ ಹಾಲು ಇಳಿಸುತ್ತಿದ್ದರು.

"ಹೌದವಾ, ಅಪ್ಪ ಮಗಳು ಕೂಡಿ ಕಂಪನಿ ನಡಸ್ರಿ!" ಎಂದು ಅವ್ವ ನಗುತ್ತಿದ್ದಳು.

ಮೊದಲ ಪುಸ್ತಕ ಮುಗಿದಾಗ ಅರ್ಜಿ ಹಾಕುತ್ತೇನೆ ಎಂದೆ.

"ಬ್ಯಾಡ," ಎಂದರು ಅಪ್ಪ. "ಅವ ನನ್ನ ಶಿಷ್ಯ. ನಾ ಮಾತಾಡ್ತೀನಿ. ನಡುವ ಅರ್ಜಿ ಗಿರ್ಜಿ ಚಂದ ಕಾಣಂಗಿಲ್ಲ."

ಮುಂದಿನ ಶನಿವಾರ ಎರಡನೆಯ ಸಂಪುಟ ಬಂತು. "ಇದೂ ಓದಬೇಕಂತ." ಅದು ಮುಗಿದಾಗ ಇನ್ನೊಂದು. "ಸಾಹೇಬ್ರು ಭಾಳ ಕಟ್ಟುನಿಟ್ಟು." ಆ ಕಟ್ಟುನಿಟ್ಟು ನನಗೆ ಇಷ್ಟವಾಯಿತು. ಹೆಣ್ಣೆಂದು ರಿಯಾಯಿತಿ ತೋರಿಸುತ್ತಿಲ್ಲ ಎಂದುಕೊಂಡೆ. ಮಳೆಗಾಲ ಹಾಗೆ ಕಳೆಯಿತು.

ದಸರೆ ಬಂತು. ಖಂಡೇನವಮಿಯ ದಿನ ನಮ್ಮಲ್ಲಿ ಆಯುಧ, ಪುಸ್ತಕ ಎಲ್ಲವನ್ನೂ ಪೂಜೆಗೆ ಇಡುತ್ತಾರೆ. ಅಂದು ಯಾರೂ ಓದುವುದಿಲ್ಲ. ಅಪ್ಪ ತಮ್ಮ ಕೋಷ್ಟಕದ ಪುಸ್ತಕದ ಮೇಲೆ ಸಾಹೇಬರ ಸಂಪುಟವನ್ನು ಇಟ್ಟು, ಅದಕ್ಕೇ ಮೊದಲು ಕುಂಕುಮ ಹಚ್ಚಿದರು. ಮರುದಿನ ದಶಮಿಗೆ ಪುಸ್ತಕ ಎತ್ತಿ ನಾಲ್ಕು ಸಾಲು ಓದಿದರೆ ವರ್ಷವೆಲ್ಲ ವಿದ್ಯೆ ಹತ್ತುತ್ತದೆ ಎನ್ನುತ್ತಾರೆ. ಸಂಜೆ ಬನ್ನಿ ಎಲೆ ಕೊಟ್ಟು, ಹಿರಿಯರಿಗೆ ನಮಸ್ಕರಿಸುವುದು.

ದಶಮಿಯ ಸಂಜೆ ಬನ್ನಿ ಕೊಡಲು ಅಪ್ಪ ಓಣಿಯಲ್ಲಿ ಹೋಗಿದ್ದಾಗ, ಗುರುಗಳಿಗೆ ಬನ್ನಿ ಕೊಡಬೇಕೆಂದು ಸಾಹೇಬರು ಹುಬ್ಬಳ್ಳಿಯಿಂದ ಬಂದರು. ಅವ್ವ ಚಹಾ ಇಡಲು ಒಳಗೆ ಹೋದಳು. ಸಾಹೇಬರ ಕಣ್ಣು ಪೂಜೆಯ ಮಣೆಯ ಮೇಲೆ ಬಿತ್ತು.

"ಅಲಲಾ, ನನ್ನ ಪುಸ್ತಕಕ್ಕ ಕುಂಕುಮ ಬಿತ್ತಲಾ! ಎಲ್ಲಿತನಕ ಬಂದಿ?"

"ಮುಗೀತ್ರಿ. ಇದು ಐದನೇದು."

"ಮುಗೀತು ಅಂದ್ರ? ಮೊದಲಿಂದ ಕಡೀತನಕ?" ಅವರು ಜೋರಾಗಿ ನಕ್ಕರು. "ಇವನ್ನ ಯಾರರ ಪೂರ್ತಿ ಓದ್ತಾರೇನು? ನಾನ ಓದಿಲ್ಲ. ಬೇಕಾದಾಗ ತಗದು ನೋಡೂವು ಇವು."

"ಎಲ್ಲಾ ಓದಬೇಕು ಅಂತ ನೀವ ಹೇಳಿ ಕಳಿಸಿದ್ರೆಲ್ಲಾ?"

"ನಾನೇ?" ನಗು ನಿಂತಿತು. "ನಾ ಕೊಟ್ಟದ್ದು ಮೊದಲನೇದು ಒಂದ. ಉಳಿದವು ಮಾಸ್ತರು ಕೇಳಿ ಒಯ್ದ್ರು. ನಿನಗ ನೌಕರಿ ಮನಸ್ಸಿಲ್ಲ, ಬರೇ ಹವ್ಯಾಸಕ್ಕ ಓದ್ತಾಳ ಅಂದ್ರು. ಆ ಜಾಗಾ ಶ್ರಾವಣದಾಗನ ತುಂಬೇತಿ, ತಂಗಿ."

ಅಷ್ಟರಲ್ಲಿ ಅಪ್ಪ ಕೈತುಂಬ ಬನ್ನಿ ಹಿಡಿದು ಬಂದರು. ಸಾಹೇಬರು ಎದ್ದು ಅವರ ಕಾಲು ಮುಟ್ಟಿದರು. ಅಪ್ಪ ಅವರನ್ನು ಎತ್ತಿ, ನನ್ನ ಮುಖ ನೋಡಿ, ಅಲ್ಲೇ ನಿಂತರು.

"ಅಪ್ಪಾ, ಜಾಗಾ ತುಂಬೇತಂತ."

"ಹ್ಞೂಂ."

"ನನಗ ಮನಸ್ಸಿಲ್ಲ ಅಂತ ಯಾರು ಅಂದ್ರು?"

ಅಪ್ಪ ಎಲೆಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಗಂಡಸರ ನಡುವ ಪವರ್ ಹೌಸಿನ್ಯಾಗ ಕುಂತಾಕಿ ಅಂದ್ರ ನಾಳೆ ಯಾರು ಬರ್ತಾರ ಹೆಣ್ಣು ಕೇಳಾಕ? ಓದಬ್ಯಾಡ ಅಂತ ಯಾವತ್ತರ ಅಂದೀನೇನು ನಾ?"

ಅಂದಿರಲಿಲ್ಲ. ಬೇಡ ಎಂದು ನೇರವಾಗಿ ಹೇಳಿದ್ದರೆ ನಾನು ಅತ್ತು, ಜಗಳಾಡಿ, ಸೋತಿರುತ್ತಿದ್ದೆ. ಸೋತದ್ದು ಗೊತ್ತಾದರೂ ಆಗುತ್ತಿತ್ತು. ಅವರು ನನ್ನ ಹೆಸರಿನಲ್ಲೇ ಬೇಡ ಎಂದು ಹೇಳಿ, ಆಮೇಲೆ ಒಂದು ಮುಗಿದಂತೆ ಇನ್ನೊಂದು ಪುಸ್ತಕ ತಂದಿದ್ದರು. ನಾನು ಕಟ್ಟುನಿಟ್ಟು ಎಂದುಕೊಂಡದ್ದು ಕಾಲ ನೂಕುವುದಾಗಿತ್ತು. ಶ್ರಾವಣದ ನಂತರ ತಾಳೆ ನೋಡಿದ ಲೆಕ್ಕಗಳೆಲ್ಲ ಇಲ್ಲದ ಸ್ಟೂಲಿನ ಲೆಕ್ಕಗಳು. ಅದು ಅವರಿಗೆ ಗೊತ್ತಿದ್ದೂ, ತಪ್ಪಿನ ಮೇಲೆ ಪೆನ್ಸಿಲು ಇಡುತ್ತಿದ್ದರು.

ಸಾಹೇಬರ ಕಡೆ ತಿರುಗಿದೆ. "ನಾ ಹಂಗ ಅಂದಿಲ್ರಿ. ನನಗ ಮನಸ್ಸೈತಿ. ಮುಂದ ಯಾವ ಜಾಗಾ ಇದ್ರೂ ಬರ್ತೀನಿ."

ಅವರು ನನ್ನನ್ನು ನೋಡಲಿಲ್ಲ. ಅಪ್ಪನನ್ನು ನೋಡಿದರು. "ಮಾಸ್ತರು ಹ್ಞೂಂ ಅಂದ್ರ..."

ಮಾಸ್ತರು ಹ್ಞೂಂ ಅನ್ನಲಿಲ್ಲ. ಬನ್ನಿ ಎಲೆಯನ್ನು ನನ್ನ ಮುಂದೆ ಹಿಡಿದರು. "ತಗೋ, ಮಗಳ. ಬಂಗಾರದಂಗ ಇರೋಣು."

ಪರರ ಎದುರು, ಹಬ್ಬದ ದಿನ. ತೆಗೆದುಕೊಂಡೆ. ಬಗ್ಗಿ ಕಾಲು ಮುಟ್ಟಿದೆ. ನಂತರ ಮಣೆಯ ಮೇಲಿಂದ ಸಂಪುಟ ಎತ್ತಿ, ಕುಂಕುಮ ಒರೆಸಿ, ಸಾಹೇಬರ ಕೈಗೆ ಕೊಟ್ಟೆ.

"ನಾಲ್ಕು ಸಾಲರ ಓದಿ ಕೊಡು," ಎಂದರು ಅಪ್ಪ.

"ಓದಿ ಆತ್ರಿ," ಎಂದೆ.

ನಾನು ಅಪ್ಪನಿಗೆ ಪರರಿಗೆ ಹಚ್ಚುವಂತೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು. ಚಹಾ ತಂದ ಅವ್ವ ಬಾಗಿಲಲ್ಲಿ ನಿಂತು ಮೂವರ ಮುಖವನ್ನೂ ನೋಡಿ, ಕಪ್ಪುಗಳನ್ನು ಮೇಜಿನ ಮೇಲಿಟ್ಟಳು.

ಮುಂದಿನ ಶನಿವಾರವೂ ಅಪ್ಪ ಹುಬ್ಬಳ್ಳಿಗೆ ಹೋದರು. ಆರನೆಯ ಸಂಪುಟವನ್ನು ಮೇಜಿನ ಮೇಲಿಟ್ಟರು. ಅದು ಅಲ್ಲೇ ಇದೆ, ನಕ್ಷೆಗಳು ಮಡಚಿದಂತೆಯೇ. ಮುಂಜಾನೆ ಅವರು ಕೋಷ್ಟಕದ ಪುಸ್ತಕ ಹಿಡಿದು ಬಂದು ತಮ್ಮ ಜಾಗದಲ್ಲಿ ಕೂಡುತ್ತಾರೆ, ಪೆನ್ಸಿಲು ಕೆತ್ತುತ್ತಾರೆ, ಒಳಗಿನ ಕಡೆ ಕಿವಿಯಿಡುತ್ತಾರೆ. ನಾನು ಒಲೆಯ ಮುಂದೆ ಇರುತ್ತೇನೆ; ಹಾಲು ಉಕ್ಕುವ ಮೊದಲೇ ಈಗ ನಾನೇ ಇಳಿಸುತ್ತೇನೆ.