ಹೊರೆ ಇಳಿದರೆ ಬೆಟ್ಟ ಏಳುತ್ತದೆ

ಹೊರಸಿನಿಂದ ನಾನೆದ್ದ ಮೇಲೆ ಅದರ ನುಲಿ ತಟ್ಟನೆ ನೆಟ್ಟಗಾಗುವುದಿಲ್ಲ. ನನ್ನ ಗಾತ್ರವನ್ನು ಸ್ವಲ್ಪ ಹೊತ್ತು ಸ್ಮರಿಸಿ, ಆಮೇಲೆ ಮೆಲ್ಲಗೆ ಮೇಲೇಳುತ್ತದೆ. ಹೆಂಡತಿಗೆ ಇದು ನನ್ನ ಸೋಮಾರಿತನದ ಸಾಕ್ಷಿ, ನನಗೆ ಭೂಶಾಸ್ತ್ರ. ಬೆಟ್ಟಗಳೂ ಹೀಗೆಯೇ ಏಳುತ್ತವೆ, ಓದುಗ ಮಿತ್ರರೇ. ಆಳದಲ್ಲಿ ಹೂತ ಕಲ್ಲು ಕಾವು ಒತ್ತಡಗಳಿಗೆ ಸಿಕ್ಕಿ, ಹಳೆಯ ರೂಪ ಕಳೆದುಕೊಂಡು ಪಟ್ಟೆಪಟ್ಟೆಯಾಗಿ ಗಟ್ಟಿಯಾಗುತ್ತದೆ. ಮೇಲಿನ ಬೆಟ್ಟವನ್ನು ಮಳೆಗಾಳಿ ಸವೆಸಿದಂತೆಲ್ಲ ಹೊರೆ ಇಳಿದು, ಅಡಿಯದು ಯುಗಯುಗಾಂತರದಲ್ಲಿ ಮೇಲಕ್ಕೆ ಬರುತ್ತದೆ. ಇದನ್ನು ಓದಿದ್ದು ಪುಸ್ತಕದಲ್ಲಿ. ನಂಬಿದ್ದು ಘಟಪ್ರಭೆಯ ನಡುನೀರಿನಲ್ಲಿ.

ಲೋಕಾಪುರ ಮುಧೋಳ ಸಂಸ್ಥಾನದಲ್ಲಿದ್ದ ಕಾಲ. ಅಲ್ಲಿ ಮಾಸ್ತರನಾಗಿದ್ದ ನಾನು, ಮಕ್ಕಳಿಗೆ ತೋರಿಸಲೆಂದು ಒಂದು ದಿನ ಬೀಳಗಿ ಕಡೆಯ ಗುಡ್ಡಗಳಿಂದ ಅಂಥ ಪಟ್ಟೆಗಲ್ಲುಗಳನ್ನು ಚೀಲದ ತುಂಬ ಆರಿಸಿ ತರುತ್ತಿದ್ದೆ. ಶ್ರಾವಣದ ಹೊಳೆ ತುಂಬಿತ್ತು. ಅಂಬಿಗ ಭರಮಪ್ಪ ಪ್ರತಿಯೊಬ್ಬರ ಗಂಟನ್ನೂ ಕೈಯಲ್ಲಿ ಎತ್ತಿ ತೂಗಿಯೇ ಹರಗೋಲಿಗೆ ಹಾಕುವವನು. ಕಲ್ಲೆಂದರೆ ಬಿಟ್ಟು ಬಾ ಎಂದಾನೆಂದು ಹೆದರಿ, ಪುಸ್ತಕವೆಂದುಬಿಟ್ಟೆ.

"ಸರಸ್ವತೀನ್ನ ತೂಗಬಾರದ್ರಿ ಮಾಸ್ತರ. ನೀವ ಇಡ್ರಿ" ಎಂದು ಅವನು ಕೈಮುಗಿದು ಸರಿದ.

ಏದುಸಿರು ಬಿಡುತ್ತ ಚೀಲ ಎಳೆದೆ. "ಭಾಳ ಓದ್ಯಾರ ಬಿಡ್ರಿ" ಎಂದು ನಕ್ಕವಳು ಗೌರವ್ವ. ಹಸುಗೂಸಿನೊಂದಿಗೆ ಗಂಡನ ಮನೆಗೆ ಹೊರಟಿದ್ದಳು. ನಾವು ಮೂವರು, ಆ ಕೂಸು.

ನಡುಹೊಳೆಯಲ್ಲಿ ಹರಗೋಲಿನ ಅಂಚಿಗೂ ನೀರಿಗೂ ನಾಲ್ಕು ಬೆರಳಷ್ಟೇ ಅಂತರವಿತ್ತು. ಒಂದು ತೆರೆ ಒಳಕ್ಕೆ ಬಂತು. ಕೂಸಿನ ಬಟ್ಟೆ ನೆನೆಯಿತು.

"ನನ್ನ ಅಂದಾಜ ತಪ್ಪಾಂಗಿಲ್ಲ. ಖರೆ ಹೇಳ್ರಿ, ಏನೈತಿ ಅದರಾಗ?" ಎಂದ ಭರಮಪ್ಪ.

"ಕಲ್ಲು" ಎಂದೆ.

"ಅಯ್ಯ ಶಿವನ, ನಿಮ್ಮೂರಾಗ ಕಲ್ಲಿಗೂ ಬರ ಬಂದೈತೇನ್ರಿ?" ಗೌರವ್ವ ಚೀರಿದಳು. "ಒಗೀರಿ ಮೊದಲ!"

"ಚೀಲ ಎತ್ತಬ್ಯಾಡ್ರಿ, ಮಗಚತೈತಿ! ಒಂದೊಂದ ಬಿಡ್ರಿ, ಸಾವಕಾಶ" ಎಂದು ಭರಮಪ್ಪ ತಡೆದ.

ಕಲ್ಲುಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟೆ. ಕಣ್ಣು ಅಂಚಿನ ಮೇಲಿತ್ತು. ಮೊದಲ ಕಲ್ಲಿಗೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಹರಗೋಲಿನ ಹೊರಚರ್ಮದ ಮೇಲೆ ಒದ್ದೆಯ ಗೆರೆಯೊಂದು ನೀರಿನಿಂದ ಹೊರಬಂತು. ಚೀಲ ಬರಿದಾದಾಗ ನಾಲ್ಕು ಬೆರಳು ಐದಾಗಿತ್ತು. ಕೋಟ್ಯಂತರ ವರ್ಷ ಮೇಲೇರಿ ಬಂದ ಕಲ್ಲುಗಳು ಕ್ಷಣದಲ್ಲಿ ತಳ ಸೇರಿ, ನಮ್ಮನ್ನು ಮೇಲೆತ್ತಿದ್ದವು.

ದಡದಲ್ಲಿ ಭರಮಪ್ಪ ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಗೌರವ್ವ ಇಳಿಯಲು ಎರಡೂ ಕೈ ಬೇಕಾಗಿ, ಅತ್ತಿತ್ತ ನೋಡಿ, "ಹಿಡೀರಿ ಮಾಸ್ತರ" ಎಂದು ಕೂಸನ್ನು ನನ್ನ ಕೈಗೇ ಕೊಟ್ಟಳು. ಅದನ್ನು ಮುಳುಗಿಸಲಿದ್ದ ಕೈಗೆ! ಅವಳು ದಡಕ್ಕೆ ಕಾಲಿಟ್ಟಳು. ಹರಗೋಲು ನನ್ನನ್ನೂ ಕೂಸನ್ನೂ ಮೆಲ್ಲಗೆ, ಒಂದು ಬೆರಳಿನಷ್ಟು, ಮೇಲಕ್ಕೆತ್ತಿತು.