ಪ್ರಥಮ ಚಿಕಿತ್ಸೆಯ ಮೇಜು ಎಲ್ಲಿ ಹಾಕೋದು?

ಯಸಳೂರಿನಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ನರ್ಸ್ ಆಗಿ ನನ್ನನ್ನು ಹಾಕಿದ್ದರು. ಎರಡು ಕಬಡ್ಡಿ ಅಂಕಣ, ಒಂದು ವಾಲಿಬಾಲ್ ಅಂಕಣ, ನನಗೆ ಒಂದೇ ಮೇಜು. ಮೊದಲು ವೇದಿಕೆಯ ಪಕ್ಕ ಹಾಕಿದೆ. ದೂರವಾಯಿತು ಅನ್ನಿಸಿ ಅಂಕಣಗಳ ನಡುವೆ ತಂದೆ. ಚೆಂಡು ಬಂದು ಔಷಧಿ ಬಾಟಲಿ ಉರುಳಿಸಿತು. ಮತ್ತೆ ಮೇಜು ಎತ್ತಿದೆ.

"ಮೇಡಂ, ಒಂದ್ ಕಡೆ ಕೂತ್ಕಳಿ ಮಾರಾಯ್ರೆ, ನೋಡೋರಿಗೇ ತಲೆ ತಿರುಗ್ತೈತೆ" ಎಂದರು ಪಿ.ಟಿ. ಮೇಷ್ಟ್ರು.

ಕೂರುವುದು ಹೇಗೆ? ಕಬಡ್ಡಿಯಲ್ಲಿ ಹುಡುಗಿಯರು ಬೀಳುತ್ತಲೇ ಇದ್ದರು, ನನ್ನ ಹತ್ತಿರ ಮಾತ್ರ ಒಬ್ಬಳೂ ಬರಲಿಲ್ಲ. ಕೊನೆಗೆ ಒಬ್ಬಳು ಕುಂಟುತ್ತಾ ಶಾಲೆಯ ಹಿಂದಕ್ಕೆ ಹೋಗುವುದು ಕಂಡು ಪೆಟ್ಟಿಗೆ ಹಿಡಿದು ಹಿಂದೆಯೇ ಓಡಿದೆ. ನಲ್ಲಿಯ ಹತ್ತಿರ ಅವಳ ತಾಯಿ ತೊಡೆಯ ಗಾಯಕ್ಕೆ ಸೆರಗು ಒತ್ತಿ ಹಿಡಿದಿದ್ದರು. ಒಳಗೆ ಕಲ್ಲಿನ ಚೂರು ಹೊಕ್ಕಿತ್ತು.

"ಅಲ್ಲೇ ಇದ್ದೆನಲ್ಲ, ಯಾಕೆ ಬರಲಿಲ್ಲ?" ನನ್ನ ದನಿ ಜೋರಾಗಿಯೇ ಇತ್ತು.

"ಅಷ್ಟ್ ಜನದ ಮುಂದೆ ಹೆಣ್ಮಗ ತೊಡೆ ತೋರಿಸ್ಕಂಡು ಹೆಂಗ್ ಕೂತ್ಕತದೆ? ನೀವಾಗಿದ್ರೆ ಕೂರ್ತಿದ್ರಾ, ಹೇಳಿ" ಎಂದರು ಆಕೆ.

ಅಲ್ಲೇ ಮಂಡಿಯೂರಿ ಚೂರು ತೆಗೆದು ಪಟ್ಟಿ ಕಟ್ಟಿದೆ. ಆಮೇಲೆ ನಾನೂ ಆ ತಾಯಿಯೂ ಮೇಜನ್ನು ನಲ್ಲಿಯ ಪಕ್ಕಕ್ಕೆ ಹೊತ್ತು ತಂದು, ಒಂದು ಬೆಡ್‌ಶೀಟು ಅಡ್ಡ ಕಟ್ಟಿದೆವು.

ಸ್ವಲ್ಪ ಹೊತ್ತಿಗೆ ಹುಡುಗಿಯರು ಒಬ್ಬೊಬ್ಬರೇ ಬರತೊಡಗಿದರು. ಸಂಜೆ ಆಚೀಚೆ ನೋಡಿಕೊಂಡು ಪರದೆ ಸರಿಸಿದವರು ಕಬಡ್ಡಿಯ ಅಂಪೈರು. ಹೊಸ ಬೂಟು ಹಿಮ್ಮಡಿಯ ಚರ್ಮವನ್ನೇ ಕಿತ್ತಿತ್ತು. "ಯಾರಿಗೂ ಹೇಳ್ಬೇಡಿ ಕಣ್ರೀ" ಎಂದರು. ಇವತ್ತಿನವರೆಗೂ ಹೇಳಿರಲಿಲ್ಲ.