ಮೂರನೇ ಕ್ಲಾಸಿನ ಗಂಡಸು

ತೊಂಬತ್ತರ ದಶಕದ ಆರಂಭದಲ್ಲಿ ನಾನು ದೇವಲಾಪುರದ ಶಾಲೆಯಲ್ಲಿ ಮೂರನೇ ಕ್ಲಾಸು ಓದುತ್ತಿದ್ದೆ. ಎತ್ತರದಲ್ಲಿ ಮಾತ್ರ ಏಳನೇ ಕ್ಲಾಸಿನವನು. ದನಿ ಒಡೆದಿತ್ತು, ಮುಖದ ತುಂಬ ಮೊಡವೆ, ತುಟಿಯ ಮೇಲೆ ಮೀಸೆಯ ಚಿಗುರು. ಬೆವರಿಗೆ ದೊಡ್ಡವರ ವಾಸನೆ ಬಂದಿದ್ದರಿಂದ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಗುಡುಗಿದರೆ ನಾನಿನ್ನೂ ಅವ್ವನ ಸೆರಗಿನಲ್ಲಿ ಮುಖ ಹುದುಗಿಸುತ್ತೇನೆ ಎಂದರೆ ಯಾರೂ ನಂಬುತ್ತಿರಲಿಲ್ಲ.

ಅಪ್ಪನದು ಕಮ್ಮಾರಿಕೆ. ನನ್ನ ತೋಳು ನೋಡಿ ಕೈಗೆ ಸುತ್ತಿಗೆ ಕೊಟ್ಟ. ಕುಲುಮೆಗೆ ಬಂದ ಗೆಳೆಯರಿಗೆ, "ಎಂಟು ವರ್ಸಕ್ಕೇ ಆಳಿನ ಕೆಲ್ಸ ಮಾಡ್ತಾನೆ ಕಣ್ಲಾ ನನ್ ಮಗ" ಎನ್ನುತ್ತಿದ್ದ. ಆಗ ನನಗೂ ಎದೆ ಉಬ್ಬುತ್ತಿತ್ತು. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಅನುಮಾನಪಟ್ಟವರು ನಮ್ಮ ಮೇಷ್ಟ್ರು ಒಬ್ಬರೇ. ಅಪ್ಪನನ್ನೂ ನನ್ನನ್ನೂ ನಾಗಮಂಗಲದ ಡಾಕ್ಟರ ಬಳಿ ಕರೆದೊಯ್ದರು.

"ಮೂತ್ರಪಿಂಡದ ಮೇಲೊಂದು ಗ್ರಂಥಿ ಇರುತ್ತೆ. ಇವನಿಗೆ ಹುಟ್ಟಿನಿಂದಲೇ ಅದರಲ್ಲಿ ದೋಷ ಇದ್ದ ಹಾಗಿದೆ. ದೊಡ್ಡವನಾದ್ಮೇಲೆ ಬರಬೇಕಾದ ಹಾರ್ಮೋನು ಈಗ್ಲೇ ಬರ್ತಾ ಇದೆ" ಎಂದರು ಡಾಕ್ಟರು. "ಮೈಸೂರಲ್ಲಿ ತೋರಿಸಿ, ಮಾತ್ರೆ ಕೊಡ್ತಾರೆ. ಇಲ್ದಿದ್ರೆ ಬೆಳವಣಿಗೆ ಬೇಗ ನಿಂತುಹೋಗುತ್ತೆ." ಒಂದು ಚೀಟಿಯನ್ನೂ ಬರೆದುಕೊಟ್ಟರು.

ವಾಪಸು ಬರುವಾಗ ಅಪ್ಪ ಆ ಚೀಟಿಯನ್ನು ಬಸ್ಸಿನ ಕಿಟಕಿಯಿಂದ ಆಚೆ ಬಿಟ್ಟ. "ಇಂಗೆ ಬೆಳೀತಿರೋ ಮಗ ನಿಂತೋಯ್ತನೆ ಅಂದ್ರೆ ನಂಬಕ್ಕಾಯ್ತದಾ ಮೇಷ್ಟ್ರೇ?" ಎಂದ. ಮುಂದಿನ ವರ್ಷ ಮೇಷ್ಟ್ರಿಗೆ ವರ್ಗವಾಯಿತು.

ಹನ್ನೆರಡು ತುಂಬುವ ಹೊತ್ತಿಗೆ ನನ್ನ ಬೆಳವಣಿಗೆ ನಿಂತೇಹೋಯಿತು. ನನ್ನ ಭುಜಕ್ಕೂ ಬಾರದಿದ್ದ ಹುಡುಗರು ಒಬ್ಬೊಬ್ಬರಾಗಿ ನನ್ನನ್ನು ದಾಟಿದರು. ನನ್ನ ಹದಿನಾಲ್ಕಕ್ಕೆ ತಮ್ಮನೂ ದಾಟಿದ ಮೇಲೆ, ಅವ್ವ ಯಾರನ್ನೂ ಕೇಳದೆ ನನ್ನನ್ನು ಮೈಸೂರಿಗೆ ಕರೆದೊಯ್ದಳು.

ಅಲ್ಲಿನ ಡಾಕ್ಟರಮ್ಮ ನನ್ನ ಕೈಯ ಎಕ್ಸ್‌ರೇ ನೋಡಿ, "ಮೂಳೆಗಳು ಕೂಡಿಕೊಂಡಿವೆ. ಇನ್ನು ಎತ್ತರ ಆಗಲ್ಲ. ಮಾತ್ರೆಯನ್ನಂತೂ ಜೀವನಪೂರ್ತಿ ತಗೋಬೇಕು. ಮೊದಲೇ ಯಾರೂ ಹೇಳ್ಲಿಲ್ವಾ?" ಎಂದರು.

ಅವ್ವ ಇಲ್ಲವೆಂದು ತಲೆಯಾಡಿಸಿದಳು. "ಯೋಳಿದ್ರು ಕಣವ್ವ" ಎಂದು ನಾನು ನಾಗಮಂಗಲದ ವಿಷಯವನ್ನೆಲ್ಲ ಹೇಳಿದೆ.

ಮನೆಗೆ ಬಂದವಳೇ ಅವ್ವ ಅಪ್ಪನನ್ನು ಒಂದೇ ಮಾತು ಕೇಳಿದಳು: "ಚೀಟಿ ಬಿಸಾಕ್ಬುಟ್ಯಾ?"

"ಯಾವ್ ಚೀಟಿ?" ಎಂದ ಅಪ್ಪ.

ಆಮೇಲೆ ಕುಲುಮೆಯಲ್ಲಿ ಯಾರಾದರೂ ನನ್ನ ವಿಷಯ ಎತ್ತಿದರೆ, "ಅವ್ನವ್ವನ ಕಡೇರೆಲ್ಲ ಗಿಡ್ಡಕ್ಕೇ ಅವ್ರೆ" ಎನ್ನುತ್ತಿದ್ದ. ಶೀಳನೆರೆಯಿಂದ ಬರುವ ನನ್ನ ಸೋದರಮಾವಂದಿರು ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕಿತ್ತು.